ಅಂಕಲ್ ಅಧ್ಯಕ್ಷತೆ ವಹಿಸಿದ ಸಭೆ

ಗ್ಯಾಸ್ ಹೀಟರ್ ಹಚ್ಚಿದ ಹಳೆಯ ಹಾಲ್‌ಗಳಿಗೆ ಒಂದು ವಾಸನೆ ಇರುತ್ತದೆ. ಒದ್ದೆ ಉಣ್ಣೆ, ಸುಟ್ಟ ಧೂಳು... ಹೋದ ವಾರ ಮಗಳ ಶಾಲೆಯ ಚರ್ಚಾಸ್ಪರ್ಧೆಗೆಂದು ಅಂಥದೊಂದು ಹಾಲ್‌ನಲ್ಲಿ ಕೂತಿದ್ದೆ. ಅಮೆರಿಕದ ಅಧ್ಯಕ್ಷರ ಮೇಲೆ ಮಹಾಭಿಯೋಗ ನಡೆದರೆ ಮುಖ್ಯ ನ್ಯಾಯಮೂರ್ತಿ ಪೀಠದಲ್ಲಿ ಕೂರುತ್ತಾರೆ. ಉಪಾಧ್ಯಕ್ಷರ ಮೇಲೇ ನಡೆದರೆ? ಸೆನೆಟ್ಟಿನ ಆ ಪೀಠ ಮಾಮೂಲಿಗೆ ಅವರದೇ. ಆಗ ಯಾರು ಕೂರಬೇಕೆಂದು ಸಂವಿಧಾನ ಹೇಳಿಯೇ ಇಲ್ಲ ಎಂದಳು ಮಗಳು. ಮಕ್ಕಳು ನಕ್ಕರು. ನನಗೆ ನಾನು ಓದಿದ ಊರು ಪಾಮರ್ಸ್ಟನ್ ನಾರ್ತ್‌ನ ಅಂಕಲ್ ನೆನಪಾದರು.

ಎರಡು ಸಾವಿರದ ಐದೋ ಆರೋ... ಮೈಸೂರಿನಿಂದ ಆ ಊರಿಗೆ ಓದಲು ಬಂದಿಳಿದ ನನಗಾಗಿ ಬಸ್ ನಿಲ್ದಾಣಕ್ಕೆ ಬಂದಿದ್ದವರು ಅವರೊಬ್ಬರೇ. ಧಾರವಾಡದ ಕಡೆಯವರು, ಯೂನಿವರ್ಸಿಟಿಯಲ್ಲಿ ಮಣ್ಣಿನ ಸಂಶೋಧಕರು. ಕಾರಿನ ಹಿಂದಿನ ಸೀಟಿನಲ್ಲಿ ನನಗೆಂದೇ ಎರಡು ರಜಾಯಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಇಟ್ಟಿದ್ದರು. ಮೊದಲ ಚಳಿಗಾಲ ನಾನು ದಾಟಿದ್ದು ಅದರಿಂದಲೇ. ನಮ್ಮ ಪುಟ್ಟ ಕನ್ನಡ ಸಂಘಕ್ಕೆ ಅವರು ಉಪಾಧ್ಯಕ್ಷರು, ನಿಯಮಾವಳಿ ಬರೆದವರೂ ಅವರೇ. ದೂರುಗಳ ವಿಚಾರಣೆಗೆ ಉಪಾಧ್ಯಕ್ಷರೇ ಅಧ್ಯಕ್ಷತೆ ವಹಿಸತಕ್ಕದ್ದು ಎಂದು ಅದರಲ್ಲಿತ್ತು. ಅಧ್ಯಕ್ಷರೇ ತಪ್ಪು ಮಾಡಿದರೆ ಯಾರು ಕೇಳುವುದು ಎಂಬ ಯೋಚನೆ ಅವರದು. ತಮ್ಮ ಮೇಲೇ ದೂರು ಬಂದೀತೆಂದು ಅವರಿಗೂ ಹೊಳೆದಿರಲಿಲ್ಲ, ನಮಗೂ.

ಸಂಘದಲ್ಲಿ ಒಬ್ಬ ಅಕ್ಕ ಇದ್ದರು. ಗಂಡನ ಹೊಡೆತ ತಾಳಲಾರದೆ ಪುಟ್ಟ ಮಗಳೊಂದಿಗೆ ಮನೆ ಬಿಟ್ಟು, ಹೊಸ ವಿಳಾಸವನ್ನು ಅಂಕಲ್ ಒಬ್ಬರಿಗೇ ಹೇಳಿದ್ದರು. ಗಂಡ ಬಂದು ಅಂಕಲ್ ಮುಂದೆ ಅತ್ತ. ಸಂಸಾರ ಸರಿಹೋದೀತೆಂದು ಇವರು ವಿಳಾಸ ಕೊಟ್ಟುಬಿಟ್ಟರು. ಮರುದಿನವೇ ಅವನು ಆ ಮನೆಯ ಬಾಗಿಲು ಒಡೆದ. ಪೊಲೀಸರು ಬಂದರು. ಮಗು ಎಷ್ಟೋ ದಿನ ಮಾತಾಡಲಿಲ್ಲವಂತೆ... ಅಕ್ಕ ದೂರು ಬರೆದು, ಆಗ ಕಾರ್ಯದರ್ಶಿಯಾಗಿದ್ದ ನನ್ನ ಕೈಗೆ ಕೊಟ್ಟರು. ಕೇಳಿದ್ದು ಇಷ್ಟೇ: ಅಂಕಲ್ ಸ್ಥಾನ ಬಿಡಬೇಕು. ಇನ್ನೊಬ್ಬಳು ಅವರನ್ನು ನಂಬಿ ಕೆಡಬಾರದು.

ಸಭೆಯ ಭಾನುವಾರ, ಅಂಥದೇ ಒಂದು ಹಾಲ್‌ನಲ್ಲಿ, ಅಂಕಲ್ ನೇರವಾಗಿ ಹೋಗಿ ಅಧ್ಯಕ್ಷತೆಯ ಕುರ್ಚಿಯಲ್ಲಿ ಕೂತರು. ಸಂಘದ ಅಧ್ಯಕ್ಷರು ನೆಲ ನೋಡಿದರು. ಪಕ್ಕದಲ್ಲೇ ಇದ್ದ ನಾನು ‘ಏಳಿ ಅಂಕಲ್’ ಅನ್ನಬೇಕೆಂದುಕೊಂಡೆ. ಆ ಬಸ್ ನಿಲ್ದಾಣ ಕಣ್ಮುಂದೆ ಬಂತು. ಪೆನ್ನಿನ ಮುಚ್ಚಳ ತೆಗೆದೆ.

“ನಿಯಮದಾಗ ಹಂಗ ಅದ. ನಾನ ಕೂಡಬೇಕಾಗ್ತದ,” ಎಂದರು ಅಂಕಲ್, ಯಾರೂ ಕೇಳದಿದ್ದರೂ. ಆಮೇಲೆ ಅಕ್ಕನತ್ತ ತಿರುಗಿ ದೂರು ಏನೆಂದು ಕೇಳಿದರು. ದನಿ ಮೆತ್ತಗೇ ಇತ್ತು.

ಅಕ್ಕ ಎದ್ದು ನಿಂತರು. “ನಿಮ್ಮ ಮೇಲಿರೋ ದೂರನ್ನ ನಿಮಗೇ ಹೇಳ್ಬೇಕಾ ಅಂಕಲ್?”

ಅವರು ನಿಯಮಾವಳಿಯ ಹಾಳೆ ತಿರುವಿದರು. ಅಕ್ಕ ನನ್ನತ್ತ ನೋಡಿದರು. ಸ್ವಲ್ಪ ಹೊತ್ತು ಕಾಯ್ದರು ಕೂಡ. ನಾನು ತಲೆ ಎತ್ತಲಿಲ್ಲ. ಅಕ್ಕ ತಮ್ಮ ಮಗಳ ಜಾಕೆಟ್ಟಿನ ಜಿಪ್ ಎಳೆದು ಹೊರಟುಹೋದರು. ದೂರುದಾರರು ಹಾಜರಿಲ್ಲದ್ದರಿಂದ ದೂರನ್ನು ಕೈಬಿಡಲಾಗಿದೆ ಎಂದು ಅಂಕಲ್ ಹೇಳಿದರು. ನಾನು ಬರೆದುಕೊಂಡೆ. ಅಕ್ಷರ ದುಂಡಗೆ ಬಂದಿತ್ತು. ಆ ತಿಂಗಳೊಳಗೆ ಅಕ್ಕ ಊರು ಬಿಟ್ಟರು, ಎಲ್ಲಿಗೆಂದು ಯಾರಿಗೂ ಹೇಳದೆ.

ಅಂಕಲ್ ಕೂಡ ಮೆಲ್ಲಗೆ ಸಂಘಕ್ಕೆ ಬರುವುದನ್ನು ನಿಲ್ಲಿಸಿದರು. ಎರಡು ಮೂರು ವರ್ಷದ ಮೇಲೆ ಅವರು ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದೆ. ತೀರಾ ಬಡವಾಗಿದ್ದರು. ಹವಾಮಾನ, ಊರಿನ ಸುದ್ದಿ ಎಲ್ಲ ಮುಗಿದ ಮೇಲೆ ಕಿಟಕಿಯತ್ತ ನೋಡುತ್ತ ಅಂದರು, “ಅವತ್ತ ನೀನರೆ ‘ಏಳ್ರಿ’ ಅನಬೇಕಿತ್ತವಾ. ಎದ್ದೇಳತಿದ್ನೋ ಏನೋ.” ನಾನು ಅವರ ಹೊದಿಕೆ ಸರಿಮಾಡಿ ಎದ್ದುಬಂದೆ. ಅದೇ ಕೊನೆಯ ಭೇಟಿ...

ಅವರು ಕೆಟ್ಟವರಾಗಿದ್ದರೆ ನೆನಪು ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವರಿಗೆ ಕೊಡಬೇಕಿದ್ದ ಉತ್ತರ ಉಳಿದೇ ಹೋಯಿತು. ಅಕ್ಕನ ಕ್ಷಮೆಯನ್ನಾದರೂ ಕೇಳಬೇಕು ಎಂದು ಈ ವಾರವೆಲ್ಲ ಅನಿಸುತ್ತಿದೆ. ನಾಲ್ಕು ಜನರನ್ನು ವಿಚಾರಿಸಿದರೆ ಎಲ್ಲಿದ್ದಾರೆಂದು ತಿಳಿಯಬಹುದು. ಈ ದೇಶದಲ್ಲಿ ನಾವು ಕನ್ನಡಿಗರು ಇರುವುದೇ ಅಷ್ಟು ಜನ. ಆದರೆ ವಿಚಾರಿಸುವುದಿಲ್ಲ. ಅವರ ವಿಳಾಸವನ್ನು ಇನ್ನೊಬ್ಬರಿಂದ ಕೇಳಿ ಪಡೆಯುವ ಹಕ್ಕು ನನಗೂ ಇಲ್ಲ.