ಸ್ಟೀರಿಂಗ್ ಇಲ್ಲದ ಗಾಡಿ

ಇಪ್ಪತ್ತೆಂಟು ವರ್ಷ ಟ್ರ್ಯಾಕ್ಟರ್ ಓಡಿಸಿದವನು ನಾನು. ಮೂಗೂರಿನ ಸುತ್ತಮುತ್ತ ನಾನು ಉಳದ ಗದ್ದೆ ಕಡಿಮೆ. ಮಾಲೀಕರು ಜಮೀನನ್ನು ಗುತ್ತಿಗೆಗೆ ಕೊಟ್ಟು ಗಾಡಿ ಮಾರಿದ ಮೇಲೆ, ನಂಜನಗೂಡಿನ ಒಂದು ಫ್ಯಾಕ್ಟರಿಯ ತೋಟಕ್ಕೆ ಡ್ರೈವರ್ ಬೇಕಂತೆ ಎಂದು ಯಾರೋ ಹೇಳಿದರು. ಹೋದೆ. ಹುಲ್ಲು ಕತ್ತರಿಸುವ ಗಾಡಿ ಓಡಿಸಬೇಕು ಅಂದರು. ಒಳಗೊಳಗೇ ನಗು ಬಂತು.

ಗಾಡಿ ನೋಡಿದಾಗ ನಗು ನಿಂತಿತು. ಅದಕ್ಕೆ ಸ್ಟೀರಿಂಗ್ ಇರಲಿಲ್ಲ. ಕಾಲ ಬಳಿ ಕ್ಲಚ್ಚೂ ಇಲ್ಲ, ಬ್ರೇಕೂ ಇಲ್ಲ. ಸೀಟಿನ ಎರಡು ಪಕ್ಕದಿಂದ ತೊಡೆಯ ಮೇಲಕ್ಕೆ ಬಾಗಿದ ಎರಡು ಲಿವರ್. ಬೆನ್ನ ಹಿಂದೆ ಇಂಜಿನ್ನು, ಎರಡು ದಪ್ಪ ಚಕ್ರ. ಮುಂದಿನ ಪುಟ್ಟ ಚಕ್ರಗಳು ಆಫೀಸಿನ ಕುರ್ಚಿಯ ಗಾಲಿಗಳಂತೆ ಎತ್ತ ಬೇಕಾದರೂ ತಿರುಗುತ್ತಿದ್ದವು. ಹೊಟ್ಟೆಯ ಕೆಳಗೆ ಬ್ಲೇಡುಗಳು.

ಕಲಿಸಲು ಬಂದವಳು ಬದನವಾಳಿನ ಹೆಣ್ಣುಮಗಳು, ಮೂವತ್ತು ದಾಟಿರಬೇಕು. ಅದೇ ತೋಟದಲ್ಲಿ ಎಲೆ ಗುಡಿಸುತ್ತಿದ್ದಳಂತೆ. ಮೊದಲ ಗಾಡಿ ಬಂದಾಗ ಗಂಡಸರೆಲ್ಲ ಹಿಂದೆ ಸರಿದರು, ಇವಳೊಬ್ಬಳು ಹತ್ತಿದಳು. ಈಗ ಎರಡನೆಯದು ಬಂದಿತ್ತು.

"ಕೀ ಕೊಡವ್ವ," ಅಂದೆ.

"ಮೊದ್ಲು ನಡೀರಣ್ಣ," ಎಂದು ಕೀಯನ್ನು ಸೀರೆಯ ಮೇಲೆ ತೊಟ್ಟಿದ್ದ ಶರ್ಟಿನ ಜೇಬಿಗೆ ಹಾಕಿಕೊಂಡಳು. ಇಡೀ ಬೆಳಿಗ್ಗೆ ನನ್ನನ್ನು ಹುಲ್ಲಿನಲ್ಲಿ ನಡೆಸಿದಳು. ಕಲ್ಲು, ತಂತಿಯ ತುಂಡು, ಬಾಟಲಿ ಮುಚ್ಚಳ, ಏನು ಕಂಡರೂ ಬಗ್ಗಿ ಎತ್ತಿಸಿದಳು. ಆಫೀಸಿನ ಹೊಸ ಕಿಟಕಿ ತೋರಿಸಿ, "ಬ್ಲೇಡ್‌ಗೆ ಸಿಕ್ಕಿದ್ ಕಲ್ಲು ಎಲ್ಗೆ ಓಯ್ತದೆ ಅಂತ ಯೋಳಕಾಗಲ್ಲ. ಆ ಗಾಜು ಅಂಗೇ ಓಗಿದ್ದು. ಗಾಜಿನ ಜಾಗ್ದಲ್ಲಿ ಮನ್ಸ ಇದ್ದಿದ್ರೆ?" ಅಂದಳು. ಟ್ರ್ಯಾಕ್ಟರ್ ಡ್ರೈವರ್ ಕೈಲಿ ಕಲ್ಲು ಆಯಿಸುತ್ತಿದ್ದಾಳಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಮರುದಿನ ಸಮತಟ್ಟಾದ ಜಾಗದಲ್ಲಿ, ಬ್ಲೇಡ್ ಆಫ್ ಮಾಡಿಸಿ, ಹತ್ತಿಸಿದಳು. ಎರಡೂ ಲಿವರ್ ಸಮನಾಗಿ ಮುಂದಕ್ಕೆ ನೂಕಿದರೆ ಗಾಡಿ ನೇರ ಹೋಗುತ್ತದೆ. ಒಂದನ್ನು ಹೆಚ್ಚು ನೂಕಿದರೆ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ನಿಲ್ಲಿಸಬೇಕಾದರೆ ಮೆಲ್ಲಗೆ ನಡುವಿಗೆ ತರಬೇಕು, ಅಷ್ಟೆ. ಹೇಳಿದ್ದು ತಲೆಗೆ ಹೋಯಿತು, ಕೈಕಾಲಿಗೆ ಹೋಗಲಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಗೋಡೆ ಹತ್ತಿರವಾದಂತೆ ಕಂಡಿತು. ಬಲಗಾಲು ಇಲ್ಲದ ಬ್ರೇಕನ್ನು ಒದೆಯಿತು. ಎರಡೂ ಕೈ ಎತ್ತಿನ ಹಗ್ಗ ಜಗ್ಗುವಂತೆ ಲಿವರ್ ಎಳೆದವು. ಗಾಡಿ ಅಷ್ಟೇ ರಭಸದಿಂದ ಹಿಂದಕ್ಕೆ ನೆಗೆದು, ಗುರುತಿಗೆಂದು ಇಟ್ಟಿದ್ದ ಪೇಂಟ್ ಡಬ್ಬವನ್ನು ಚಪ್ಪಟೆ ಮಾಡಿ ನಿಂತಿತು.

ಅವಳು ದೂರದಲ್ಲಿ, ಪಕ್ಕಕ್ಕೆ ನಿಂತಿದ್ದಳು. "ನಾನ್ಯಾಕೆ ಇಂದ್ಗಡೆ ನಿಲ್ಲಲ್ಲ ಅಂತ ಗೊತ್ತಾಯ್ತಾ? ಇಳೀರಿ. ನೀರು ಕುಡ್ದು ಬನ್ನಿ."

ಎರಡು ವಾರ ಹೀಗೇ ನಡೆಯಿತು. ಕೈ ಸ್ವಲ್ಪ ಹಿಡಿತಕ್ಕೆ ಬಂತು, ಬ್ಲೇಡ್ ಹಾಕಿ ಬಯಲಲ್ಲಿ ಕತ್ತರಿಸತೊಡಗಿದೆ. ಅದರ ಜೊತೆಗೆ ಹಳೆಯ ಅಹಂಕಾರವೂ ಬಂತು.

ಒಂದು ಮಧ್ಯಾಹ್ನ ಮಳೆ ನಿಂತ ಅರ್ಧ ಗಂಟೆಗೆ ಸೂಪರ್‌ವೈಸರ್ ಬಂದರು. ಮರುದಿನ ಯಾರೋ ದೊಡ್ಡವರು ಬರುವವರಿದ್ದರು. ಮಳೆನೀರಿನ ಹೊಂಡದ ಏರಿಯ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿದೆ, ಈಗಲೇ ತೆಗೆಯಿರಿ ಅಂದರು.

"ಆಗಲ್ಲ ಸಾ. ಇಳಿಜಾರು, ನೆಂದದೆ, ಕೆಳ್ಗೆ ನೀರು. ಅಲ್ಲಿ ಕೈ ಮಿಷನ್‌ನಲ್ಲೇ ತೆಗೀಬೇಕು," ಅಂದಳು ಅವಳು.

"ಕೈ ಮಿಷನ್ನಲ್ಲಿ ಎರಡು ದಿನ ಆಗುತ್ತೆ. ನಿಮ್ಮ ಕೈಲಿ ಆಗುತ್ತೇನ್ರೀ?" ಎಂದು ಅವರು ನನ್ನತ್ತ ತಿರುಗಿದರು.

ಆಗಲ್ಲ ಎನ್ನಲು ನಾಲಗೆ ಬರಲಿಲ್ಲ. "ಕೆಸರುಗದ್ದೇಲೇ ಓಡ್ಸಿದೀನಿ ಸಾ," ಅಂದೆ. ಅವಳು ನನ್ನನ್ನೇ ನೋಡಿದಳು. "ಬ್ಯಾಡಿ ಅಣ್ಣ," ಎಂದಷ್ಟೇ ಹೇಳಿದಳು.

ಏರಿಯ ಮೇಲ್ಭಾಗದಲ್ಲಿ ಒಂದು ಸಾಲು ಕತ್ತರಿಸಿದೆ. ಏನೂ ಆಗಲಿಲ್ಲ. ಎರಡನೆಯ ಸಾಲಿಗೆ ಒಂದು ಮಾರು ಕೆಳಗೆ ಇಳಿದಾಗ ಹಿಂದಿನ ಚಕ್ರ ಜಾರಿತು. ಸದ್ದಿಲ್ಲ, ಕುಲುಕಿಲ್ಲ. ಸೋಪು ಹಚ್ಚಿದ ಬಂಡೆಯ ಮೇಲೆ ಕೂತಂತೆ ಇಡೀ ಗಾಡಿ ಅಡ್ಡಡ್ಡಲಾಗಿ ಕೆಳಗೆ ಹೊರಟಿತು. ಲಿವರ್ ನೂಕಿದೆ, ಚಕ್ರ ನಿಂತಲ್ಲೇ ಸುತ್ತಿ ಹುಲ್ಲು ಕಿತ್ತಿತು, ಇನ್ನಷ್ಟು ಜಾರಿತು.

"ನೂಕ್ಬ್ಯಾಡಿ. ಲಿವರ್ ನಡುವ್ಗೆ ತನ್ನಿ. ಬ್ಲೇಡ್ ಆಫ್ ಮಾಡಿ." ಮೇಲಿನಿಂದ ಅವಳ ದನಿ ಬಂತು, ಗಟ್ಟಿಯಾಗಿ, ಆದರೆ ಗಾಬರಿಯಿಲ್ಲದೆ. ಹಾಗೇ ಮಾಡಿದೆ. ಗಾಡಿ ಮತ್ತೆ ಒಂದು ಗೇಣು ಜಾರಿ, ಯಾವುದೋ ಹಳೆಯ ಮರದ ಬುಡಕ್ಕೆ ಚಕ್ರ ತಗುಲಿ ನಿಂತಿತು. ಸೀಟಿನ ಪಕ್ಕದಲ್ಲಿದ್ದ, ಗಾಡಿ ನಿಂತ ಮೇಲಷ್ಟೇ ಹಾಕುವ ಬ್ರೇಕ್ ಲಿವರ್ ಎಳೆದು ಇಂಜಿನ್ ಆರಿಸಿದೆ. ಎಡಗಡೆ ನೋಡಿದರೆ ನೀರು, ಎರಡು ಮಾರಿನಷ್ಟು ದೂರ.

ಹಾರಿಬಿಡೋಣ ಅನ್ನಿಸಿ ಸೀಟ್ ಬೆಲ್ಟಿಗೆ ಕೈ ಹಾಕಿದೆ.

"ಅಳ್ಳಾಡ್ಬ್ಯಾಡಿ ಅಣ್ಣ. ಅಗ್ಗ ಬತ್ತಾ ಅದೆ."

ಅವಳು ಒಬ್ಬರನ್ನೂ ನನ್ನ ಕೆಳಗಡೆಗೆ ಬಿಡಲಿಲ್ಲ. ಸೂಪರ್‌ವೈಸರ್ ಕೆಳಗಿನಿಂದ ಒತ್ತಿ ಹಿಡಿಯಲು ಹೊರಟಾಗ, "ಅಲ್ಗೆ ಓಗ್ಬ್ಯಾಡಿ ಸಾ, ಗಾಡಿ ಉರುಳಿದ್ರೆ ನಿಮ್ ಮ್ಯಾಲೆ," ಎಂದು ತಡೆದಳು. ಸೆಕ್ಯುರಿಟಿಯವನು ಹಗ್ಗ ತಂದ. ಅವಳೇ ಮೇಲಿನಿಂದ ಅಂಗೈ ಊರಿಕೊಂಡು ಬಂದು ಗಾಡಿಯ ಚೌಕಟ್ಟಿಗೆ ಕಟ್ಟಿದಳು, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿಸಿದರು. ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟು ಹೊತ್ತೂ ನಾನು ಉಸಿರನ್ನು ಅರ್ಧರ್ಧ ಬಿಡುತ್ತ ಕೂತಿದ್ದೆ. ಹೆಂಡತಿ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ಇನ್ನೂ ತಿಂದಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಹಗ್ಗ ಬಿಗಿಯಾದ ಮೇಲೆ "ಈಗ ಬೆಲ್ಟ್ ಬಿಚ್ಚಿ. ಮ್ಯಾಲ್ಗಡೆಯಿಂದ ಇಳೀರಿ," ಅಂದಳು. ಇಳಿದೆ. ಅಲ್ಲೇ ಹುಲ್ಲಿನಲ್ಲಿ ಕೂತೆ. ಗಾಡಿಯನ್ನು ಮೇಲೆಳೆಯುವ ಹೊತ್ತಿಗೆ ಸಂಜೆಯಾಯಿತು.

ಸೂಪರ್‌ವೈಸರ್ ಇಬ್ಬರನ್ನೂ ಆಫೀಸಿಗೆ ಕರೆದು, ಸರಿಯಾಗಿ ಕಲಿಸಿಲ್ಲವೇ ಎಂದು ಅವಳನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಅವ್ಳು ಬ್ಯಾಡ ಅಂದ್ಲು ಸಾ. ನಿಮ್ ಮುಂದೇನೇ ಅಂದ್ಲು. ಒಪ್ಕಂಡಿದ್ದು ನಾನು." ಅವರು ತಲೆ ತಗ್ಗಿಸಿ ಫೋನು ನೋಡಿದರು.

ಬಸ್ ಸ್ಟಾಪಿನವರೆಗೆ ಅವಳು ನನ್ನ ಜೊತೆ ನಡೆದು ಬಂದಳು. ನನ್ನ ನರಸೀಪುರದ ಬಸ್ಸು ಬಂದಾಗ, "ನಾಳೆ ಬತ್ತೀರಾ?" ಅಂದಳು.

"ಬತ್ತೀನಿ ಕಣವ್ವ. ಬೇರೆ ಕೆಲ್ಸ ಏನಾದ್ರೂ ಕೊಡ್ತಾರೇನೋ."

"ಯಾಕೆ, ಇದೇ ಮಾಡಿ. ಇವತ್ತು ಎದ್ರುಕೊಂಡ್ರಲ್ಲ, ಇನ್ಮೇಲೆ ನಿಮ್ಗೆ ಕಲ್ಸೋದು ಸುಲಭ."

ಮರುದಿನ ದೊಡ್ಡವರು ಬಂದು ಹೋದರು. ಏರಿಯ ಹುಲ್ಲನ್ನು ಅವರು ತಿರುಗಿಯೂ ನೋಡಲಿಲ್ಲವಂತೆ. ನಾನು ಆಗ ಫ್ಯಾಕ್ಟರಿಯ ಹಿಂದಿನ ಬಯಲಿನಲ್ಲಿ, ಬ್ಲೇಡ್ ಆಫ್ ಮಾಡಿಕೊಂಡು, ಅವಳು ಹೊಸದಾಗಿ ಇಟ್ಟಿದ್ದ ಡಬ್ಬಗಳ ನಡುವೆ ಮೆಲ್ಲಗೆ ಸುತ್ತುತ್ತಿದ್ದೆ.