ಚೀಲ ಹೊಲಿಯುತ್ತಿದ್ದ ಅಕ್ಕ

ಮೊನ್ನೆ ಅಂಗಡಿಯವನು ಅಕ್ಕಿಯನ್ನು ಗೋಣಿಚೀಲದಲ್ಲಿ ಕಳಿಸಿದ್ದ. ಈಗೆಲ್ಲ ಪ್ಲಾಸ್ಟಿಕ್ ಚೀಲವೇ; ಹೊಸ ಗೋಣಿ ಕಂಡು ಎಷ್ಟು ಕಾಲವಾಗಿತ್ತೋ. ಬಾಯಿ ಬಿಚ್ಚಲು ಬಗ್ಗಿದೆ. ಸೆಣಬಿನ ಆ ವಾಸನೆ, ಒಂದಿಷ್ಟು ಎಣ್ಣೆ, ಒಂದಿಷ್ಟು ತೌಡಿನ ದೂಳು, ಮೂಗಿಗೆ ಬಡಿಯಿತು. ಮಗ್ಗುಲಲ್ಲೇ ಅಕ್ಕ ಕುಳಿತಂತಾಯಿತು...

ಒಡಹುಟ್ಟಿದ ಅಕ್ಕನಲ್ಲ. ದುದ್ದದ ಕಡೆಯಿಂದ ಮದ್ದೂರಿಗೆ ಕೊಟ್ಟಿದ್ದ ಹೆಣ್ಣು. ಗಂಡ ತೀರಿಕೊಂಡ ಮೇಲೆ ರೈಸ್ ಮಿಲ್ಲಿಗೆ ಬಂದವಳು. ನಾನು ಅವಳಾದ ಮೇಲೆ ಅಲ್ಲಿ ಕೆಲಸಕ್ಕೆ ಸೇರಿದವಳು. ಎರಡನೇ ಮಹಾಯುದ್ಧದ ಕಾಲ ಅದು. ಗಂಡಸರು ಮೂಟೆ ಹೊರುತ್ತಿದ್ದರು. ಹೆಂಗಸರು ಭತ್ತ ಒಣಹಾಕಿ, ಅಕ್ಕಿ ಕೇರಿ, ದಬ್ಬಳ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದೆವು. ಅಕ್ಕ ಹೊಲಿದ ಚೀಲ ಗಾಡಿಯಿಂದ ಉರುಳಿ ಬಿದ್ದರೂ ಬಿಚ್ಚಿಕೊಳ್ಳುತ್ತಿರಲಿಲ್ಲ.

ಊರಿನ ಮಿಲ್ಲುಗಳ ಕೆಲಸಗಾರರು ಆಗಷ್ಟೇ ಒಂದು ಸಂಘ ಕಟ್ಟಿಕೊಂಡಿದ್ದರು. ಮುಂದೆ ನಿಂತವರು ನಮ್ಮ ಮಿಲ್ಲಿನ ಇಂಜಿನ್ ಓಡಿಸುತ್ತಿದ್ದ ಸಾಬರು. ಸಂಘವೆಂದರೆ ಗಂಡಸರದು ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು.

ಸುಗ್ಗಿ ಮುಗಿದು ಭತ್ತದ ಗಾಡಿಗಳು ಬರುವ ಹೊತ್ತಿಗೆ ನನಗೆ ಚೊಚ್ಚಲ ಹೆರಿಗೆಯಾಯಿತು. ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಕೆಲಸಕ್ಕೆ ಹೋದರೆ ಮೇಸ್ತ್ರಿ ಗೇಟಿನಲ್ಲೇ ತಡೆದ. "ನಿನ್ ಜಾಗ ಬ್ಯಾರೆಯವ್ರಿಗೆ ಓಯ್ತು ಕಣಮ್ಮಿ. ಬಾಣ್ತೀರ್ಗೆಲ್ಲ ಕಾಯ್ಕಂಡ್ ಕೂತ್ರೆ ಮಿಲ್ ನಡೀತದಾ?" ನಮ್ಮ ಯಜಮಾನರು ಕಾಲು ಮುರಿದುಕೊಂಡು ಮನೆಯಲ್ಲಿದ್ದರು. ಒಲೆ ಉರಿಯುತ್ತಿದ್ದದ್ದೇ ನನ್ನ ಕೆಲಸದಿಂದ. ಅಳುತ್ತಾ ಮನೆಗೆ ಬಂದೆ.

ಅದೇ ದಿನಗಳಲ್ಲಿ ಗಂಡಸರು ಮಿಲ್ಲು ನಿಲ್ಲಿಸಿದರು. ಊಟಕ್ಕೆ ಬಿಡುವು ಬೇಕು, ಇಂಜಿನ್ನಿನ ಬೆಲ್ಟಿಗೆ ಸಿಕ್ಕಿ ಗಾಯವಾದವರಿಗೆ ಔಷಧಿ ಕೊಡಿಸಬೇಕು ಎಂಬುದು ಅವರ ಬೇಡಿಕೆ. ಮಿಲ್ಲಿನ ಸಾಹುಕಾರರು ಕೊನೆಗೆ ಒಪ್ಪಿದರು. ಮತ್ತೆ ಕೆಲಸಕ್ಕೆ ಹೋಗುವ ಮಾತಿಗಾಗಿ ಶಿಂಷಾ ಹೊಳೆಯ ದಡದಲ್ಲಿ ಸಂಜೆ ಸಭೆ ಸೇರಿತ್ತು. ಅಕ್ಕ ಮನೆಗೆ ಬಂದು ನನ್ನನ್ನು ಎಬ್ಬಿಸಿದಳು.

"ಬ್ಯಾಡ ಬುಡಕ್ಕ, ಎಲ್ಲಾರೂ ನಗ್ತಾರೆ," ಎಂದೆ.

"ನಗ್ಲಿ ಬುಡು. ನಕ್ಕೋರ್ ಹಲ್ಲು ಕಾಣ್ತದೆ, ಅಷ್ಟೇಯ."

ನಾವು ಹೊಳೆಯ ಹತ್ತಿರ ಹೋದಾಗ ಸಾಬರು ಮಾತು ಮುಗಿಸುತ್ತಿದ್ದರು. ಅಕ್ಕ ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ಗಂಡಸರ ನಡುವೆ ಹೋಗಿ ನಿಂತಳು. "ಈ ಕೂಸಿನ್ ತಾಯ್ನ ಗೇಟಿಂದ ಆಚ್ಗಾಕವ್ರೆ. ನಿಮ್ ಸಂಘದಲ್ಲಿ ಇವ್ಳಿಗೆ ಜಾಗ ಅದೆಯಾ?"

ಕೆಲವರು ನಕ್ಕರು. ಮೂಟೆ ಹೊರುವವನೊಬ್ಬ ಎದ್ದು, "ಅದು ಹೆಂಗಸ್ರ ಇಸ್ಯ ಕಣಕ್ಕ. ಭತ್ತದ್ ಗಾಡಿ ಸಾಲಾಗ್ ನಿಂತವೆ, ರೈತ್ರು ಬಯ್ತಾವ್ರೆ," ಎಂದ.

"ನನ್ ತಮ್ಮನ್ ಗಾಡೀನೂ ಅಲ್ಲೇ ನಿಂತದೆ ಕಣಪ್ಪ," ಎಂದಳು ಅಕ್ಕ. ಆಮೇಲೆ ದನಿ ಇಳಿಯಿತು. "ಗಂಡ ಸತ್ತಾಗ ನಾನು ಬಸ್ರಿ. ಜಾಗ ಓಯ್ತದೆ ಅಂತ ಎದ್ರುಕಂಡು ಬಾಣ್ತನ ಮುಗಿಯಕ್ ಮುಂಚೇನೆ ಚೀಲ ಹೊಲಿಯಾಕ್ ಬಂದೆ. ಕೂಸು ಮನೇಲಿ ಅಳ್ತಿತ್ತು, ಇಲ್ಲಿ ನನ್ ಎದೆಹಾಲು ಗೋಣಿ ಮ್ಯಾಲೆ ಸುರೀತಿತ್ತು. ಕೂಸು ಉಳೀನಿಲ್ಲ. ಯಾರ್ಗೂ ಯೋಳ್ನಿಲ್ಲ ನಾನು. ಇವತ್ತು ಯೋಳ್ತಾ ಇವ್ನಿ."

ಆರು ವರ್ಷ ಪಕ್ಕದಲ್ಲಿ ಕುಳಿತು ಹೊಲಿದಿದ್ದೆ. ನನಗೂ ಅದು ಗೊತ್ತಿರಲಿಲ್ಲ... ಸಾಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಹಾಗಾದ್ರೆ ನಾಳೆ ಇಂಜಿನ್ ಶುರು ಆಗಲ್ಲ. ಬೇರೆ ಮಾತಿದ್ರೆ ಈಗಲೇ ಹೇಳಿಬಿಡಿ," ಎಂದರು. ಹೆಂಗಸರ ವಿಷಯ ಎಂದಿದ್ದವನೇ ಒಪ್ಪಿಗೆಯೆಂದು ಮೊದಲು ಕೈಯೆತ್ತಿದ.

ಮರುದಿನದಿಂದ ಗಂಡಸರೂ ಹೆಂಗಸರೂ ಗೇಟಿನ ಮುಂದೆ ಒಟ್ಟಿಗೆ ಕುಳಿತೆವು. ಹೊಟ್ಟೆಗೆ ಕಷ್ಟವಾಯಿತು. ಗಾಡಿಯವರು ಬೈದರು, ಕೆಲವರು ಗಾಡಿ ತಿರುಗಿಸಿಕೊಂಡು ಹೋದರು. ಅಕ್ಕನ ತಮ್ಮನೂ ಮುನಿಸಿಕೊಂಡು ಹೋದ. ಮಾರನೆಯ ಬೆಳಿಗ್ಗೆ ಒಂದು ಮೂಟೆ ರಾಗಿ ತಂದು ನಮ್ಮೆದುರು ಇಳಿಸಿದ. "ನನ್ ಭತ್ತ ಇಳುಸ್ಕಳ ಗಂಟ ನೀವು ಬದುಕಿರ್ಬೇಕಲ್ಲಾ," ಎಂದು ಗೊಣಗಿ ಹೊರಟುಹೋದ. ಅಕ್ಕ ಅಂದು ನಕ್ಕ ಹಾಗೆ ಎಂದೂ ನಕ್ಕದ್ದು ಕಾಣೆ.

ವಾರ ಕಳೆಯುವುದರೊಳಗೆ ಸಾಹುಕಾರರು ಹೊರಗೆ ಬಂದರು. ಹೆರಿಗೆಗೆ ಹೋದ ಹೆಂಗಸು ತಿರುಗಿ ಬಂದರೆ ಅವಳ ಜಾಗ ಅವಳಿಗೇ ಎಂದು ಸಾಬರ ಮುಖ ನೋಡಿ ಹೇಳಿದರು. ಸಾಬರು ಅಕ್ಕನ ಕಡೆ ಕೈ ತೋರಿಸಿದರು. "ಕೇಳಿದ್ದು ಅವರು ಸ್ವಾಮಿ. ಅವರಿಗೆ ಹೇಳಿ." ಸಾಹುಕಾರರು ಅಕ್ಕನ ಕಡೆ ತಿರುಗಿ ಇನ್ನೊಂದು ಸಲ ಹೇಳಬೇಕಾಯಿತು. ಅಕ್ಕ ಕೈ ಮುಗಿಯಲಿಲ್ಲ, ತಲೆ ಬಗ್ಗಿಸಲಿಲ್ಲ. "ಆಯ್ತು, ಬತ್ತೀವಿ," ಎಂದಳು. ನಾವು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಒಳಗೆ ಹೋದೆವು. ಇಂಜಿನ್ನಿನ ಸದ್ದು ಅಷ್ಟು ಇಂಪಾಗಿ ನನಗೆ ಎಂದೂ ಕೇಳಿಸಿರಲಿಲ್ಲ.

ಆಮೇಲೆ ಅಕ್ಕ ಸಂಘದ ಕಮಿಟಿಯಲ್ಲಿ ಕುಳಿತಳು. ನಮಗೆಲ್ಲ ಅಕ್ಷರ ಕಲಿಸಲು ಸಂಘದ ಮನೆಗೆ ಮೇಷ್ಟ್ರನ್ನು ಕರೆಸಿದವಳೂ ಅವಳೇ. ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲದಲ್ಲಿ ಜ್ವರ ಹತ್ತಿ ತೀರಿಕೊಂಡಳು. ಅಂದು ಊರಿನ ಒಂದು ಮಿಲ್ಲೂ ಓಡಲಿಲ್ಲ. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯಿರಲಿಲ್ಲ, ನಾವು ಹೋದೆವು.

ಮಳವಳ್ಳಿಯಲ್ಲಿ ಸ್ಕೂಲು ಮೇಡಂ ಆಗಿರುವ ನನ್ನ ಮೊಮ್ಮಗಳು ಈಗ ಹೆರಿಗೆ ರಜೆಯಲ್ಲಿ ನನ್ನ ಮನೆಗೆ ಬಂದಿದ್ದಾಳೆ. ರಜೆ ಕೊಟ್ಟರೇ ಎಂದು ಕೇಳಿದರೆ, "ಎಲ್ಲರಿಗೂ ಕೊಡ್ತಾರೆ ಕಣಜ್ಜಿ," ಎಂದಳು. ಆಗ ಅವಳಿಗೆ ಅಕ್ಕನ ಕಥೆ ಹೇಳಿದೆ.

"ನೋಡೋಕೆ ಹೇಗಿದ್ರಜ್ಜಿ?"

ಅಕ್ಕನದೊಂದು ಫೋಟೋವೂ ಇಲ್ಲ. ಆ ಕಾಲದವರಲ್ಲಿ ಉಳಿದವಳು ನಾನೊಬ್ಬಳೇ, ನನಗೂ ಆ ಮುಖ ಮಸುಕಾಗಿಬಿಟ್ಟಿದೆ... ಎಷ್ಟು ಹುಡುಕಿದರೂ ಕಣ್ಣು, ಮೂಗು ಸಿಗಲಿಲ್ಲ.

"ಎದ್ ನಿಂತಿದ್ಲು ಕಣಮ್ಮಿ," ಎಂದೆ.