ಇಪ್ಪತ್ತೈದೂ ಇಪ್ಪತ್ತೈದೂ

ಒಂದು ತಪ್ಪು ಲೆಕ್ಕವನ್ನು ಸರಿಯೆಂದು ಒಪ್ಪಿಕೊಂಡು ನಾನು ಸುಮ್ಮನಿದ್ದುಬಿಟ್ಟೆ. ಅದರ ಮೇಲೆ ಸಿಕ್ಕಿದ ನೌಕರಿಯಲ್ಲೇ ನನ್ನ ಆಯುಸ್ಸು ಕಳೆಯಿತು. ಈಗ ಎರಡೂ ಭುಜ ಸವೆದಿವೆ, ಅಂಗಿಯ ತೋಳಿಗೆ ಕೈ ತೂರಿಸುವುದಕ್ಕೂ ಹೊತ್ತು ಹಿಡಿಯುತ್ತದೆ. ಇನ್ನು ಮುಚ್ಚಿಟ್ಟುಕೊಳ್ಳಲು ತ್ರಾಣವಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತಿಪಟೂರಿನ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಗೋದಾಮಿನ ಹಿಂದಿನ ಶೆಡ್ಡನ್ನು ನಮಗೆ ಕಸರತ್ತು ಮಾಡಲು ಬಿಟ್ಟುಕೊಟ್ಟಿದ್ದರು. ಬೆಂಗಳೂರಿನಿಂದ ಎರಡೂ ಕೈಯಲ್ಲಿ ಹಿಡಿದೆತ್ತುವ ಒಂದು ಕಬ್ಬಿಣದ ಬಾರ್‌ಬೆಲ್ ಕೂಡ ತರಿಸಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ನಾನು ಬಿಳಿಗೆರೆಯಿಂದ ಸೈಕಲ್ಲಿನಲ್ಲಿ ಬಂದು ಎಲ್ಲರಿಗಿಂತ ಮೊದಲು ಬಾರ್ ಹಿಡಿಯುತ್ತಿದ್ದೆ. ನನ್ನ ಗೆಳೆಯ ಹೊನ್ನವಳ್ಳಿ ಕಡೆಯವನು, ಕಾಯಿ ಸುಲಿಯುವ ಕೂಲಿ. ದಿನವಿಡೀ ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಚುಚ್ಚಿ ಮಟ್ಟೆ ಬಿಡಿಸಿ ತಡವಾಗಿ ಬರುತ್ತಿದ್ದ. ಅವನಿಗೆ ಬಾರ್ ಸಿಗುತ್ತಲೇ ಇರಲಿಲ್ಲ. ಕೊನೆಗೆ ಅಮ್ಮಸಂದ್ರದ ಸಿಮೆಂಟನ್ನು ಪೇಂಟ್ ಡಬ್ಬಗಳಿಗೆ ಸುರಿದು, ನಡುವೆ ಪೈಪಿನ ತುಂಡು ಸಿಕ್ಕಿಸಿ, ಕೈಗೊಂದರಂತೆ ತಾನೇ ಒಂದು ಜೊತೆ ಡಂಬೆಲ್ ಮಾಡಿಕೊಂಡ. ಮಂಡಿಯ ತಕ್ಕಡಿಯಲ್ಲಿ ಒಂದೊಂದೂ ಇಪ್ಪತ್ತೈದು ಕೆಜಿ ತೂಗಿತು.

"ಇದೇನ್ಲಾ, ಯಾರ ಮನೆ ಪಾಯ ಕಿತ್ಕಂಡ್ ಬಂದೆ?" ಎಂದು ನಾನು ರೇಗಿಸುತ್ತಿದ್ದೆ.

"ನಿನ್ನ ಬಾರು ಹೊಸ ಹೆಂಡ್ತಿ ಕಣ್ಲಾ, ನೀನು ಬುಟ್ಟಿರಲ್ಲ. ನಂಗೆ ಇವೇ ಸಾಕು ಬುಡು."

ಒಂದು ಬೆಳಗ್ಗೆ ಶೆಡ್ಡಿನಲ್ಲಿ ಯಾರೂ ಇಲ್ಲದಾಗ ಅವನ ಡಂಬೆಲ್ಲುಗಳನ್ನು ಎತ್ತಿ ನೋಡಿದೆ. ಬಲಗೈ ಹೇಗೋ ಕಿವಿಯ ಮಟ್ಟ ದಾಟಿತು. ಎಡಗೈ ಹೊರಕ್ಕೆ ವಾಲಿ, ಡಬ್ಬ ನನ್ನ ಪಾದದ ಪಕ್ಕದಲ್ಲೇ ಬಿತ್ತು. ಬಾರ್‌ನಲ್ಲಿ ಐವತ್ತೈದು ಕೆಜಿಯನ್ನು ತಲೆಯ ಮೇಲೆ ಎತ್ತುವವನು ನಾನು! ಬಾರ್‌ನಲ್ಲಿ ಎರಡು ಕೈಗೂ ಒಂದೇ ಕಂಬಿ. ನನ್ನ ಎಡಗೈಯ ಸೋಲನ್ನು ಬಲಗೈ ಮುಚ್ಚಿಕೊಂಡು ಬಂದಿತ್ತು. ಡಂಬೆಲ್ಲಿನಲ್ಲಿ ಒಂದೊಂದು ಕೈಯೂ ತನ್ನ ಭಾರವನ್ನು ತಾನೇ ಎತ್ತಬೇಕು, ಅತ್ತಿತ್ತ ಹೋಗದಂತೆ ತಾನೇ ಕಾಯಬೇಕು. ಇದನ್ನೆತ್ತುವವನು ಬಾರ್‌ನಲ್ಲಿ ಅರವತ್ತನ್ನಾದರೂ ಎತ್ತಿಯಾನು ಎಂದು ನನಗೆ ಅಂದೇ ತಿಳಿಯಿತು. ಡಬ್ಬಕ್ಕೆ ಮೆತ್ತಿದ ಮಣ್ಣು ಒರೆಸಿ ಇದ್ದಲ್ಲಿಯೇ ಇಟ್ಟೆ.

ಅದಾದ ಕೆಲವೇ ದಿನಕ್ಕೆ ಸಾಹುಕಾರರು ಸುದ್ದಿ ತಂದರು. ತುಮಕೂರಿನ ಕಾರ್ಖಾನೆಯೊಂದರಲ್ಲಿ ಭಾರ ಎತ್ತುವ ತಂಡ ಕಟ್ಟುತ್ತಿದ್ದಾರೆ, ಒಬ್ಬನಿಗೆ ಕಾಯಂ ಕೆಲಸ ಕೊಡುತ್ತಾರೆ, ನಮ್ಮಿಬ್ಬರಲ್ಲಿ ಹೆಚ್ಚು ಎತ್ತಿದವನಿಗೆ ತಾವು ಕಾಗದ ಬರೆದುಕೊಡುವುದಾಗಿ ಹೇಳಿದರು. ಗೆಳೆಯ ನನ್ನ ಕಿವಿಯಲ್ಲಿ, "ಅದೊಂದು ಸಿಕ್ರೆ ಆ ಹಾರೆ ಮುಂದೆ ನಿಲ್ಲೋದು ತಪ್ತದೆ ಕಣ್ಲಾ," ಎಂದ.

ಭಾನುವಾರ ಸಾಹುಕಾರರ ಮುಂದೆ ನಾನು ಐವತ್ತೈದು ಎತ್ತಿದೆ. ಅವನು ಎರಡು ಡಬ್ಬಗಳನ್ನೂ ನಿಧಾನವಾಗಿ, ಒಂದಿಷ್ಟೂ ನಡುಗದೆ ಎತ್ತಿ ಇಳಿಸಿದ.

"ಇಪ್ಪತ್ತೈದೂ ಇಪ್ಪತ್ತೈದೂ ಐವತ್ತು. ನಿನಗಿಂತ ಅವನದೇ ಐದು ಕೆಜಿ ಜಾಸ್ತಿ ಆಯ್ತಲ್ಲಪ್ಪ," ಎಂದು ಸಾಹುಕಾರರು ಗೆಳೆಯನಿಗೆ ನನ್ನನ್ನು ತೋರಿಸಿದರು.

"ಇದು ಬ್ಯಾರೆ ಥರ ಕಣ್ರಣ್ಣ, ವಾಲಾಡ್ತದೆ," ಎಂದ ಗೆಳೆಯ.

"ಬ್ಯಾರೆ ಏನ್ ಬಂತು? ಕೊಬ್ರಿ ಒಂದು ಚೀಲಕ್ಕೆ ತುಂಬಿದ್ರೂ ಐವತ್ತು, ಎರಡಕ್ಕೆ ತುಂಬಿದ್ರೂ ಐವತ್ತು." ಅವರು ನನ್ನ ಕಡೆ ತಿರುಗಿದರು. "ನೀನು ಓದಿರೋನು, ಏನಂತೀಯ?"

"ಲೆಕ್ಕ ಅಂದ್ರೆ ಅಷ್ಟೇ ಅಲ್ವಾ ಸಾಹುಕಾರ್ರೆ," ಎಂದೆ.

"ಹಂಗಾದ್ರೆ ಬಾರ್‌ನಾಗೆ ಒಂದ್ಸಲ ನೋಡೇ ಬುಡ್ತೀನಿ," ಎಂದು ಗೆಳೆಯ ಮುಂದೆ ಬಂದ.

ನಾನು ಅವನ ತೋಳು ಹಿಡಿದೆ. "ಬ್ಯಾಡ ಕಣ್ಲಾ. ರೂಢಿ ಇಲ್ದೆ ಎತ್ತಿದ್ರೆ ಸೊಂಟ ಹಿಡ್ಕಂತದೆ. ನಾಳೆ ಕೂಲಿಗೆ ಹೆಂಗ್ ಹೋಯ್ತೀಯ?"

"ದಿಟ ಕಣಪ್ಪ, ಬುಡು," ಎಂದರು ಸಾಹುಕಾರರು. ಗೆಳೆಯ ನಿಂತ. ಅವನ ಸೊಂಟದ ಬಗ್ಗೆ ಅಷ್ಟು ಕಾಳಜಿ ತೋರಿಸಿದ್ದಕ್ಕೆ ನನ್ನನ್ನು ನೋಡಿ ತಲೆಯಾಡಿಸಿದ. ಕಾಗದ ನನಗೆ ಸಿಕ್ಕಿತು.

ಆರೇಳು ವರ್ಷದ ಮೇಲೆ ರಜೆಗೆ ಬಂದಾಗ, ಊರ ಹತ್ತಿರದ ತೋಟದಲ್ಲಿ ಅವನು ಸುಲಿಯುತ್ತಿರುವುದು ಕಂಡಿತು. ಮಟ್ಟೆಯ ರಾಶಿ ಅವನ ಎದೆಮಟ್ಟ ಬಂದಿತ್ತು. ಕೈಯ ಕೆಲಸ ನಿಲ್ಲಿಸದೆಯೇ ತೋಟದ ಯಜಮಾನರಿಗೆ ನನ್ನನ್ನು ತೋರಿಸಿದ: "ಇವ್ನೇ ಕಣ್ರೀ, ನನ್ನ ಐದು ಕೆಜಿಲಿ ಸೋಲ್ಸಿದೋನು!"

ಯಜಮಾನರು ಅತ್ತ ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಡಬ್ಬ ಬಿದ್ದದ್ದು, ನನ್ನ ಎಡಗೈ, ಬಾರ್ ಹಿಡಿದರೆ ಅವನು ಅರವತ್ತು ಎತ್ತುತ್ತಾನೆಂದು ನನಗೆ ತಿಳಿದಿದ್ದು, ಅವನನ್ನು ಬಾರ್ ಮುಟ್ಟದಂತೆ ತಡೆದದ್ದು. ಅವನು ಕೇಳುತ್ತಲೇ ನಾಲ್ಕು ಕಾಯಿ ಸುಲಿದ. ಆಮೇಲೆ ನಕ್ಕ.

"ನನ್ನ ಸಮಾಧಾನಕ್ಕೆ ಏನೇನೋ ಕಟ್ಟಿ ಹೇಳ್ಬ್ಯಾಡ ಕಣ್ಲಾ. ಐವತ್ತು ಐವತ್ತೇ. ಅದೆಂಗೆ ಅರವತ್ತಾಯ್ತದೆ? ನಿನ್ ತೋಳು ದೊಡ್ದು ಬುಡು."

ಕಾರ್ಖಾನೆಯ ವ್ಯಾಯಾಮಶಾಲೆಯ ಬಾಗಿಲು ನನಗೆ ಯಾವಾಗಲೂ ತೆರೆದಿರುತ್ತಿತ್ತು. ಅವನನ್ನು ಒಂದು ಸಲ ಬಸ್ಸು ಹತ್ತಿಸಿ ಕರೆದೊಯ್ದು ಅಲ್ಲಿನ ಬಾರ್ ಮುಂದೆ ನಿಲ್ಲಿಸಿದ್ದರೆ ಸಾಕಿತ್ತು, ಅವನ ತೋಳೇ ಅವನಿಗೆ ಹೇಳುತ್ತಿತ್ತು. ನಾನು ಕರೆಯಲಿಲ್ಲ. ಕಳೆದುಕೊಂಡದ್ದು ಏನೆಂದು ತಿಳಿದರೆ ಅವನಿಗೆ ಸಂಕಟವಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವನು ನಂಬದೆ ಹೋದದ್ದರಿಂದ ನನಗೆ ನೆಮ್ಮದಿಯಾಗಿತ್ತು.